ಸಿಂಕಿನ ಗೊರಕೆ

ಮನೆಯೆಂದ ಮೇಲೆ ಸದ್ದು ಇದ್ದೇ ಇರುತ್ತದೆ. ಒಗ್ಗರಣೆಯ ಚಟಪಟ, ಕುಕ್ಕರಿನ ಸೀಟಿ, ಮಕ್ಕಳ ಜಗಳ ಇವೊಂದೂ ಇಲ್ಲವೆಂದರೆ ಆ ಮನೆಗೆ ಬೀಗ ಬಿದ್ದಿದೆಯೆಂದೇ ಅರ್ಥ. ಈ ಸದ್ದುಗಳಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ. ಮಾಡುವವರು ಯಾರೆಂದು ಗೊತ್ತಿರುತ್ತದೆ. ಯಾರೂ ಮಾಡದೆ ತಾನಾಗಿ ಆಗುವ ಸದ್ದಿದೆಯಲ್ಲ, ಅದು ಮಾತ್ರ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುತ್ತದೆ. ಈ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಅಡಿಗೆಮನೆಯ ಸಿಂಕು ಅಂಥದೊಂದು ಸದ್ದನ್ನು ಕಲಿತುಕೊಂಡಿತು.

ನಾವಿರುವುದು ಬೆಂಗಳೂರಿನಲ್ಲಿ, ಮೂರು ಅಂತಸ್ತಿನ ಕಟ್ಟಡದ ನಡುವಿನ ಮನೆಯಲ್ಲಿ. ಬೆಳಗಿನ ಐದೂವರೆಗೆ, ನಮ್ಮಲ್ಲಿ ಯಾರೂ ನಲ್ಲಿ ಮುಟ್ಟುವ ಮೊದಲೇ, ಸಿಂಕು 'ಗೊಳ್ ಗೊಳ್ ಗೊಳ್' ಎಂದು ಗೊರಕೆ ಹೊಡೆಯುತ್ತಿತ್ತು. ಎಂಬತ್ತು ದಾಟಿದ ನಮ್ಮ ತಾಯಿ ಮಲಗುವುದು ಪಕ್ಕದ ಕೋಣೆಯಲ್ಲಿ. "ಯಾರೋ ಬಾಯಿ ಮುಕ್ಕಳಿಸ್ತಿದಾರೆ, ನೋಡೋ" ಎಂದು ಮೊದಲ ದಿನ ನನ್ನನ್ನು ಎಬ್ಬಿಸಿದರು. ನಾಲ್ಕೇ ದಿನಕ್ಕೆ ಸದ್ದಿನ ಹಿಂದೆ ವಾಸನೆಯೂ ಬಂತು. ಅಡಿಗೆಮನೆಯಲ್ಲಿ ತಟ್ಟೆಯ ಮುಂದೆ ಕುಳಿತವರು ಎರಡು ತುತ್ತಿಗೇ "ಸಾಕಪ್ಪ" ಎಂದು ಏಳತೊಡಗಿದರು. ಅಲ್ಲಿಯವರೆಗೆ ತಮಾಷೆಯಾಗಿದ್ದ ಗೊರಕೆ ಆಮೇಲೆ ತಮಾಷೆಯಾಗಿ ಉಳಿಯಲಿಲ್ಲ.

ಸಲಹೆಗೇನು ಕೊರತೆ? ಕುದಿಯುವ ನೀರು ಸುರಿಯಿರಿ ಎಂದರು ಒಬ್ಬರು. ವಾಷಿಂಗ್ ಸೋಡಾ ಎಂದರು ಇನ್ನೊಬ್ಬರು. ಆಸಿಡ್ಡೇ ಸರಿ ಎಂದರು ಮೂರನೆಯವರು. ಇವೆಲ್ಲ ಕಟ್ಟಿಕೊಂಡ ಸಿಂಕಿಗೆ ಹೇಳುವ ಮದ್ದು. ನಮ್ಮ ಸಿಂಕಿನಲ್ಲೋ ನೀರು ಒಂದು ಕ್ಷಣವೂ ನಿಲ್ಲದೆ ಸರಾಗವಾಗಿ ಇಳಿದುಹೋಗುತ್ತಿತ್ತು.

ಕೊನೆಗೆ ಬಂದವರು ತಲೆ ನರೆತ ಒಬ್ಬ ಪ್ಲಂಬರ್ ಮೇಸ್ತ್ರಿ. ಸಾಮಾನಿನ ಚೀಲವನ್ನೂ ಬಿಚ್ಚದೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸದ್ದು ನಿಮ್ಮ ನೀರು ಹೋಗುವಾಗ ಬರತ್ತೋ, ಮೇಲಿನವರ ನೀರು ಬೀಳುವಾಗ ಬರತ್ತೋ ಸಾರ್?"

ಯೋಚಿಸಿದರೆ, ರೋಗಪರೀಕ್ಷೆ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ಇದೆ. ನಮ್ಮದೇ ನೀರು ಹೋಗುವಾಗ ಮಾತ್ರ ಸದ್ದಾದರೆ ಸಾಮಾನ್ಯವಾಗಿ ದೋಷವೂ ನಮ್ಮದೇ. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಜಿಡ್ಡು, ಕಾಫಿ ಚರಟ, ಅನ್ನದ ಅಗುಳು ಸೇರಿಕೊಂಡಿರಬಹುದು. ಕೆಳಗೊಂದು ಬಕೆಟ್ ಇಟ್ಟು, ತಿರುಪು ಬಿಚ್ಚಿ, ತೊಳೆದು ಮತ್ತೆ ಹಾಕಿದರೆ ಆಯಿತು. ಮೇಲಿನವರ ನೀರಿಗೆ ನಮ್ಮ ಸಿಂಕು ದನಿಗೊಟ್ಟರೆ ಕತೆ ಬೇರೆ. "ಇದು ಕಟ್ಟಿಕೊಂಡಿಲ್ಲ, ಇದಕ್ಕೆ ಉಸಿರು ಕಟ್ಟಿದೆ. ಮೇಲೆ ಹೋಗೋಣ ಬನ್ನಿ" ಎಂದು ಮೇಸ್ತ್ರಿ ಮೆಟ್ಟಿಲು ಹತ್ತಿದರು.

ಕೊಳವೆಗೆ ಉಸಿರೇ? ಹೌದು. ಎಣ್ಣೆ ಡಬ್ಬ ತೆರೆಯುವ ಅಂಗಡಿಯವರನ್ನು ನೀವು ನೋಡಿರಬೇಕು. ಒಂದು ತೂತು ಹಾಕಿ ಬಿಡುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ಹಾಕುತ್ತಾರೆ. ಒಂದರಿಂದ ಎಣ್ಣೆ ಹೊರಕ್ಕೆ, ಇನ್ನೊಂದರಿಂದ ಗಾಳಿ ಒಳಕ್ಕೆ. ಒಂದೇ ತೂತಾದರೆ ಎಣ್ಣೆ ಗೊಳಕ್ ಗೊಳಕ್ ಎಂದು ತಡವರಿಸುತ್ತದೆ. ಮೂರೂ ಮನೆಗಳ ಮುಸುರೆ ನೀರು ಇಳಿಯುವ ದೊಡ್ಡ ಕೊಳವೆಗೂ ಈ ಎರಡನೆಯ ತೂತು ಬೇಕು. ಅದಕ್ಕಾಗಿಯೇ ಅದನ್ನು ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದು ನಿಲ್ಲಿಸಿರುತ್ತಾರೆ. ಆ ಬಾಯಿ ಮುಚ್ಚಿದರೆ, ಬೀಳುವ ನೀರು ತನ್ನ ಹಿಂದೆ ಗಾಳಿಯನ್ನು ಎಲ್ಲಿಂದಲಾದರೂ ಎಳೆದುಕೊಳ್ಳಲೇಬೇಕು. ಹತ್ತಿರ ಸಿಕ್ಕಿದ್ದು ನಮ್ಮ ಸಿಂಕು. ಅದರ ಬಾಗುಕೊಳವೆಯಲ್ಲಿ ನಿಂತ ನೀರನ್ನು ಸೀಳಿಕೊಂಡು ಗಾಳಿ ಒಳನುಗ್ಗುವ ಸದ್ದೇ ಆ ಗೊರಕೆ.

ಸದ್ದು ಹೋಗಲಿ, ನಷ್ಟವಾಗುವುದು ಆ ನಿಂತ ನೀರಿಗೆ. ಕೊಳವೆಯನ್ನು ಹೀಗೆ ಬಾಗಿಸಿ, ನೀರನ್ನೇ ಬಾಗಿಲಾಗಿ ನಿಲ್ಲಿಸುವ ಉಪಾಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವನು ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ. ಎರಡಂಗುಲದಷ್ಟು ನೀರು, ಅದರ ಆಚೆ ಚರಂಡಿ, ಈಚೆ ನಮ್ಮ ಅಡಿಗೆ. ಅದು ಬತ್ತಿದರೆ ಏನಾದೀತೆಂಬುದನ್ನು ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯ ಕಂಡಿದೆ. 2003ರಲ್ಲಿ ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸಾರ್ಸ್ ರೋಗಕ್ಕೆ ತುತ್ತಾದರು. ಬಚ್ಚಲುಗಳ ಬಾಗುಕೊಳವೆಗಳಲ್ಲಿ ನೀರು ಒಣಗಿ, ಕೊಳವೆಯ ಹೊಲಸು ಮನೆಯೊಳಕ್ಕೆ ಬಂದದ್ದು ಸೋಂಕು ಹರಡಲು ಒಂದು ಕಾರಣವಿರಬೇಕೆಂದು ತನಿಖೆ ನಡೆಸಿದವರು ಹೇಳಿದರು.

ತಾರಸಿಯಲ್ಲಿ ನಾವು ಕಂಡದ್ದಿಷ್ಟು. ಗಾಳಿಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಹುರಿಯಿಂದ ಬಿಗಿದು, ಮೇಲೊಂದು ಡಬ್ಬ ಬೋರಲು ಹಾಕಿತ್ತು. ಪಕ್ಕದಲ್ಲಿ ಬಿಳಿಯ ಪಂಚೆಯ ಮೇಲೆ ಸಾಲುಸಾಲಾಗಿ ಸಂಡಿಗೆ. ಮೇಲಿನ ಮನೆಯ ಗೃಹಿಣಿ ಮರೆಮಾಚಲಿಲ್ಲ. "ನಾನೇ ಕಟ್ಟಿಸಿದ್ದು. ಇಲ್ಲದಿದ್ರೆ ನಮ್ಮ ಸಂಡಿಗೆಗೆ ವಾಸನೆ ಹತ್ತಲ್ವೇನ್ರೀ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ವಾಸನೆ ಅವರೊಬ್ಬರ ಮನೆಯದಲ್ಲ, ಮೂರೂ ಮನೆಗಳದು. ಸಹಿಸುವ ಪಾಳಿ ಮಾತ್ರ ಅವರದು. ಅವರು ಅದನ್ನು ಕಟ್ಟಿಹಾಕಿದರು, ಅದು ಒಂದು ಅಂತಸ್ತು ಇಳಿದು ನಮ್ಮ ತಾಯಿಯ ತಟ್ಟೆಯ ಪಕ್ಕ ಬಂದು ಕುಳಿತಿತು. ಹೀಗೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. ಹಾಳೆ ಬಿಚ್ಚಿ, ಕೊಳವೆಗೆ ಇನ್ನೂ ಆರಡಿ ಉದ್ದ ಜೋಡಿಸಿ, ತುದಿಗೆ ಜಾಲರಿಯ ಟೋಪಿ ಹಾಕಿದರು. ವಾಸನೆ ಸಂಡಿಗೆಯ ತಲೆಯ ಮೇಲಿನಿಂದ ಗಾಳಿಯಲ್ಲಿ ಹೋಯಿತು. ಖರ್ಚನ್ನು ಮೂರು ಮನೆಯವರೂ ಹಂಚಿಕೊಂಡೆವು. ಕೆಳಮನೆಯವರು ಮೊದಲು "ನಮಗೇನು ಸದ್ದಿಲ್ಲವಲ್ಲ" ಎಂದರು; ಅವರ ನೀರೂ ಅದೇ ಕೊಳವೆಯಲ್ಲಿ ಹೋಗುವುದನ್ನು ಮೇಸ್ತ್ರಿ ಬೆರಳಿಟ್ಟು ತೋರಿಸಿದ ಮೇಲೆ ಒಪ್ಪಿದರು.

ಹೊರಡುವಾಗ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ಓದುಗರಿಗೂ ಉಪಯೋಗಕ್ಕೆ ಬಂದೀತು. ಬೇಸಿಗೆಯ ರಜಕ್ಕೆ ಊರಿಗೆ ಹೋದರೆ, ಬಳಸದ ಬಚ್ಚಲಿನ ಬಾಗುಕೊಳವೆಯ ನೀರು ತಾನೇ ಆರಿಹೋಗುತ್ತದೆ. ಆದ್ದರಿಂದ ಗ್ಯಾಸು, ಕಿಟಕಿ, ಬೀಗ ಎಲ್ಲವನ್ನೂ ನೋಡಿದ ಮೇಲೆ ಸಿಂಕು, ಬಚ್ಚಲುಗಳಿಗೆ ಒಂದೊಂದು ಚೊಂಬು ನೀರು ಹೊಯ್ಯಿರಿ. ಬಹಳ ದಿನ ಬರುವುದಿಲ್ಲವೆಂದಾದರೆ ಅದರ ಮೇಲೆ ಒಂದು ಚಮಚ ಅಡಿಗೆಯೆಣ್ಣೆ ಬಿಡಿ; ನೀರು ಬೇಗ ಆರುವುದಿಲ್ಲ. ಮರಳಿ ಬಂದಾಗ ಮತ್ತೊಂದು ಚೊಂಬು.