ಹಂದಿ ಹಿಡಿಯದ ಸೀಸರ್

ಗದ್ದೆಯ ಪಂಪ್‌ಸೆಟ್ಟಿನ ಮೋಟಾರು ಎರಡನೇ ಸಲ ಕಳವಾದಾಗ ಚಿಕ್ಕಪ್ಪ ಪೊಲೀಸರ ಹತ್ತಿರ ಹೋಗಲಿಲ್ಲ. ಬೆಂಗಳೂರಿನ ಬಸ್ಸು ಹತ್ತಿ ಹೋದವರು ಮಾರನೆಯ ದಿನ ಸಂಜೆ ಟೊಮೇಟೊ ತುಂಬುವ ಬಿದಿರುಬುಟ್ಟಿಯೊಂದನ್ನು ಹೆಗಲ ಮೇಲೆ ಹೊತ್ತು ಮದ್ದೂರಿನಿಂದ ನಡೆದೇ ಬಂದರು. ಬೆಂಗಳೂರು ಬಸ್ಸಿನ ಕಂಡಕ್ಟರು ಬುಟ್ಟಿಗೆ ಲಗೇಜು ಹಾಕಿ ಸುಮ್ಮನಾಗಿದ್ದನಂತೆ. ನಮ್ಮೂರ ಬಸ್ಸಿನವನು ಬುಟ್ಟಿ ಆಕಳಿಸಿದ್ದನ್ನು ಕಂಡು ಹತ್ತಿಸಿಕೊಳ್ಳಲೇ ಇಲ್ಲ. ಜಗಲಿಯ ಮೇಲೆ ಇಳಿಸಿ ಗೋಣಿ ಸರಿಸಿದರು. ಕೆಮ್ಮಣ್ಣಿನ ಬಣ್ಣದ ಮೈ, ಮಸಿ ಬಳಿದಂಥ ಮೂತಿ, ಯಾರದೋ ಕಾಲು ತಂದು ಜೋಡಿಸಿದ ಹಾಗೆ ಮೈಗೆ ಹೊಂದದ ದಪ್ಪ ಕಾಲುಗಳು.

"ಇದ್ಯಾಕ್ಲಾ ಕರ ತಂದೆ?" ಅಂದಳು ಅಜ್ಜಿ.

"ಕರ ಅಲ್ಲ ಕಣವ್ವ, ನಾಯಿ. ಗ್ರೇಟ್ ಡೇನ್."

"ದಾನವಾ? ಯಾರು ಕೊಟ್ರು?"

ಎಷ್ಟು ಕೊಟ್ಟು ತಂದರೆಂಬುದನ್ನು ಚಿಕ್ಕಪ್ಪ ಕೊನೆಯವರೆಗೂ ಬಾಯಿಬಿಡಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಅದು ದಾನವಾಗಿಯೇ ಉಳಿಯಿತು.

ಹೆಸರು ಸೀಸರ್ ಎಂದಾಯಿತು. ಊರ ಬಾಯಿಗೆ ಬಿದ್ದು ಒಂದೇ ವಾರಕ್ಕೆ ‘ಸೀಜ’ ಆಯಿತು. ಒಂದನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಕೊಲುಮೆಲ ಎಂಬ ರೋಮನ್ನನು ಕಾವಲು ನಾಯಿಗೆ ಉದ್ದ ಹೆಸರಿಡಬೇಡಿ, ಕೂಗಿದ ಕೂಡಲೇ ಕಿವಿಗೆ ಬೀಳುವಂತೆ ಚಿಕ್ಕದಿರಲಿ ಎಂದಿದ್ದಾನೆ. ನಮ್ಮೂರವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎತ್ತಿಗೂ ಅಳಿಯನಿಗೂ ಅವರು ಮೊದಲಿನಿಂದ ಅದನ್ನೇ ಮಾಡುತ್ತಾ ಬಂದವರು.

ಸೀಜ ಬೆಳೆದದ್ದನ್ನು ನೋಡಲು ಕಣ್ಣು ಸಾಲದು. ಪಡಸಾಲೆಯ ಕಂಬಕ್ಕೆ ಅವನನ್ನು ಒತ್ತಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಬೇಸಿಗೆ ರಜೆಯಲ್ಲಿ ನನ್ನ ಕೆಲಸ. ಈ ತಳಿಯ ಗಂಡು ಹೆಗಲಿನ ಮಟ್ಟಕ್ಕೆ ಕನಿಷ್ಠ 80 ಸೆಂಟಿಮೀಟರ್ ಇರಬೇಕೆಂಬುದು ಪ್ರದರ್ಶನಗಳ ನಿಯಮ. ಒಂದೂವರೆ ವರ್ಷಕ್ಕೆ ಸೀಜ ಅದನ್ನು ದಾಟಿ ಅಜ್ಜಿಯ ಸೊಂಟಕ್ಕೆ ಬಂದಿದ್ದ. ಹೊತ್ತಿಗೆ ಮೂರು ಮುದ್ದೆ, ಮೇಲೆ ಮಜ್ಜಿಗೆ. ಬಾಲ ಆಡಿಸಿದರೆ ಜಗಲಿಯಲ್ಲಿಟ್ಟ ಕಾಫಿ ಲೋಟ ಅಂಗಳಕ್ಕೆ. "ಇಬ್ರು ಆಳು ಉಣ್ಣೋದ ಇದೊಂದೇ ಉಣ್ತದೆ, ಒಂದು ಮಂಕರಿ ಗೊಬ್ಬರ ಹೊತ್ತಾಕಕ್ಕಿಲ್ಲ" ಎಂದು ಅಜ್ಜಿ ಬೈಯುತ್ತಲೇ ಮುದ್ದೆ ಕಟ್ಟುತ್ತಿದ್ದಳು. ಅವನಿಗೋ ಇನ್ನೊಂದು ಚಾಳಿ. ಇಷ್ಟವಾದವರ ಪಕ್ಕಕ್ಕೆ ಬಂದು ನಿಂತು ಮೈಭಾರವನ್ನೆಲ್ಲ ಅವರ ಮೇಲೆ ಬಿಟ್ಟು ಒರಗುವುದು. ಅಜ್ಜಿ ಎಷ್ಟೋ ಸಲ ಕೈಯಲ್ಲಿ ಮೊರ ಹಿಡಿದುಕೊಂಡೇ ಗೋಡೆಗೆ ಅಂಟಿಕೊಂಡು ನಿಂತು ನಮ್ಮನ್ನು ಕೂಗಿದ್ದುಂಟು.

ಅವನ ಕುಲಗೋತ್ರ ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಹೆಸರಿನಲ್ಲಿ ‘ಡೇನ್’ ಇದ್ದರೂ ಡೆನ್ಮಾರ್ಕಿಗೂ ಅವನಿಗೂ ಸಂಬಂಧವಿಲ್ಲ. ಹದಿನೆಂಟನೇ ಶತಮಾನದಲ್ಲಿ ಬುಫೊನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ‘ದೊಡ್ಡ ಡೇನಿಶ್ ನಾಯಿ’ ಎಂದು ಬರೆದ, ಅದೇ ಗಟ್ಟಿಯಾಯಿತು. ತಳಿಯನ್ನು ಬೆಳೆಸಿದ್ದು ಜರ್ಮನ್ ಸೀಮೆಯ ದೊರೆಗಳು. ಅವರಾದರೋ ಅದನ್ನು ಬಹಳ ಕಾಲ ‘ಇಂಗ್ಲಿಷ್ ನಾಯಿ’ ಎನ್ನುತ್ತಿದ್ದರು, ಮೂಲದ ನಾಯಿಗಳು ಇಂಗ್ಲೆಂಡಿನಿಂದ ಬಂದದ್ದಕ್ಕೆ. ಜರ್ಮನಿ ಒಂದೇ ದೇಶವಾದ ಮೇಲೆ ಅಲ್ಲಿಯವರಿಗೆ ಅಭಿಮಾನ ಉಕ್ಕಿ ‘ಜರ್ಮನ್ ಡಾಗೆ’ ಎಂದು ಹೆಸರು ತಿದ್ದಿ, 1888ರಲ್ಲಿ ಅದಕ್ಕೊಂದು ಸಂಘವನ್ನೂ ಕಟ್ಟಿದರು. ಇಷ್ಟಾದರೂ ಮದ್ದೂರು ತಾಲ್ಲೂಕಿಗೆ ಬರುವಾಗ ಅದು ಡೇನ್ ಆಗಿಯೇ ಬಂತು.

ಅದರ ಕಸುಬು ಹಂದಿಬೇಟೆ. ಯುರೋಪಿನ ಕಾಡುಹಂದಿಯೆಂದರೆ ಕುದುರೆಯ ಹೊಟ್ಟೆಯನ್ನೂ ಸೀಳುವ ಪ್ರಾಣಿ. ಚಿಕ್ಕ ನಾಯಿಗಳು ಹುಡುಕಿ ಅಟ್ಟುತ್ತಿದ್ದವು. ಕೊನೆಗೆ ಈ ದೈತ್ಯರನ್ನು ಬಿಡುತ್ತಿದ್ದರು. ಇವು ಹಂದಿಯ ಕಿವಿ ಕಚ್ಚಿ ಅಲುಗದಂತೆ ಹಿಡಿಯಬೇಕು, ದೊರೆ ಬಂದು ಭರ್ಜಿಯಲ್ಲಿ ಚುಚ್ಚಬೇಕು. ಹಿಡಿದ ನಾಯಿ ಎಷ್ಟೋ ಸಲ ತಾನೇ ಸಿಗಿದುಹೋಗುತ್ತಿತ್ತು. ಬೆಲೆಬಾಳುವ ನಾಯಿಗಳಿಗೆ ಹತ್ತಿ ತುಂಬಿ ಹೊಲಿದ ಕವಚ ತೊಡಿಸುತ್ತಿದ್ದರು. ಹಂದಿಯ ಕೋರೆಗೆ ಸಿಕ್ಕಿ ಹರಿಯಬಾರದೆಂದು ಕಿವಿಯನ್ನು ಮೊದಲೇ ಕತ್ತರಿಸಿ ಮೊಟಕು ಮಾಡುತ್ತಿದ್ದರು. ಬೇಟೆ ಹೋದ ಮೇಲೂ ಕಿವಿ ಕತ್ತರಿಸುವುದು ಶೋಕಿಗಾಗಿ ನಡೆದೇ ಇತ್ತು. ಈಗ ಜರ್ಮನಿಯಲ್ಲಿ ಅದು ಅಪರಾಧ. ಸೀಜನ ಕಿವಿಗಳು ಮಾತ್ರ ಒಣಗಲು ಹಾಕಿದ ಬಾಳೆಲೆಯಂತೆ ಇಳಿಬಿದ್ದೇ ಇದ್ದವು.

ನಾಯಿಗಳಲ್ಲೇ ಚೆಂದದವನ್ನು, ನಂಬಿಕೆಯವನ್ನು ದೊರೆಗಳು ಮಲಗುವ ಕೋಣೆಗೆ ಸೇರಿಸಿಕೊಳ್ಳುತ್ತಿದ್ದರು. ಅವಕ್ಕೆ ‘ಕೋಣೆಯ ನಾಯಿ’ ಎಂದೇ ಹೆಸರು, ಕೊರಳಿಗೆ ಚಿನ್ನದ ಮುಲಾಮಿನ ಪಟ್ಟಿ. ಹಾಸಿಗೆಯಲ್ಲೇ ದೊರೆಯನ್ನು ಕೊಲ್ಲುವ ರೂಢಿಯಿದ್ದ ಕಾಲದಲ್ಲಿ ಬಾಗಿಲಲ್ಲಿ ಇಂಥದ್ದೊಂದು ಮಲಗಿದ್ದರೆ ನಿದ್ದೆ ಬರುತ್ತಿತ್ತೇನೋ. ಸೀಜನಿಗೂ ಈ ಪದವಿ ಸಿಕ್ಕಿತ್ತು. ಮೊದಲು ಚಿಕ್ಕಪ್ಪನ ಮಂಚದ ಕಾಲ ಬಳಿ, ಆಮೇಲೆ ಮಂಚದ ಮೇಲೆ, ಕಡೆಗೆ ಚಿಕ್ಕಪ್ಪ ಚಾಪೆಯ ಮೇಲೆ.

ಈ ಜಾತಿಯಲ್ಲಿ ಹೆಸರು ಮಾಡಿದವನೆಂದರೆ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕನ ಟೈರಸ್. 1878ರ ಬರ್ಲಿನ್ ಸಮಾವೇಶದ ಹೊತ್ತಿನಲ್ಲಿ ಅವನು ರಷ್ಯಾದ ಮುದಿ ಮಂತ್ರಿ ಗೊರ್ಚಕೋವನ ಮೇಲೆ ಹಾರಿದ ಕಥೆ ಯುರೋಪಿನಲ್ಲೆಲ್ಲ ಹಬ್ಬಿತ್ತು. ಪತ್ರಿಕೆಗಳು ಅವನನ್ನು ‘ಸಾಮ್ರಾಜ್ಯದ ನಾಯಿ’ ಎಂದು ಕರೆದವು. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಏನ್ ಹಾಕ್ತಿದ್ನಂತೆ?"

ಕಬ್ಬಿನ ಗದ್ದೆಯ ಸಂಗತಿಯನ್ನು ಹೇಳಲೇಬೇಕು. ರಾತ್ರಿ ಪಾಳಿಯ ಕರೆಂಟು. ನೀರು ಕಟ್ಟಲು ಚಿಕ್ಕಪ್ಪ ಹೊರಟರು, ಬ್ಯಾಟರಿ ಹಿಡಿದು ನಾನು, ಮುಂದೆ ಸೀಜ. ಕಬ್ಬಿನ ಒಳಗೆ ಲಟಲಟ ಮುರಿಯುವ ಸದ್ದು. ಒಂಟಿಗ. ಬ್ಯಾಟರಿ ಬೆಳಕಿಗೆ ಎರಡು ಕೆಂಡದ ಕಣ್ಣು, ನೆಟ್ಟಗೆ ನಿಂತ ಬೆನ್ನಿನ ಕೂದಲು, ಗುರ್ ಎನ್ನುವ ಉಸಿರು. ಮುನ್ನೂರು ನಾನೂರು ವರ್ಷ ಹಂದಿ ಹಿಡಿಯಲೆಂದೇ ತಲೆಮಾರಿನ ಮೇಲೆ ತಲೆಮಾರು ಆರಿಸಿ ಬೆಳೆಸಿದ ರಕ್ತ ನಮ್ಮ ಮುಂದೆ ನಿಂತಿತ್ತು. ಅದು ಒಮ್ಮೆ ಹಂದಿಯನ್ನು ನೋಡಿತು, ಒಮ್ಮೆ ಚಿಕ್ಕಪ್ಪನನ್ನು ನೋಡಿತು. ಆಮೇಲೆ ಬದುವಿನ ಮೇಲೆ ಒಂದು ಧೂಳಿನ ಗೆರೆ ಮಾತ್ರ ಉಳಿಯಿತು. ಹಂದಿಯೂ ತಬ್ಬಿಬ್ಬಾಗಿ ಆಚೆ ಕಡೆಗೆ ಓಡಿತು. ನಾವು ಮನೆಗೆ ಬಂದಾಗ ಸೀಜ ಅಜ್ಜಿಯ ಮಂಚದ ಕೆಳಗೆ ತಲೆ ತೂರಿಸಿದ್ದ. ಉಳಿದ ಮುಕ್ಕಾಲು ಮೈ ಹೊರಗೇ ಇತ್ತು.

"ಯಾರ್ಗೂ ಹೇಳ್ಬೇಡ ಕಣ್ಲಾ" ಅಂದರು ಚಿಕ್ಕಪ್ಪ.

ನಾನು ಹೇಳಲಿಲ್ಲ. ಅದರಿಂದ ಊರಿನಲ್ಲಿ ಹಬ್ಬಿದ ಸುದ್ದಿ ಬೇರೆಯದೇ ಆಯಿತು: ಸೀಜ ಒಂಟಿಗನನ್ನು ಅಟ್ಟಿಸಿಕೊಂಡು ಹೋದನಂತೆ, ಹಂದಿ ಹೊಳೆ ದಾಟಿತಂತೆ. ಮೋಟಾರು ಮತ್ತೆಂದೂ ಕಳವಾಗಲಿಲ್ಲ. ಕಳ್ಳನೊಬ್ಬ ಎದುರಿಗೆ ಬಂದಿದ್ದರೆ ಸೀಜ ಖಂಡಿತ ಅವನ ಮೈಗೆ ಒರಗಿ ನಿಲ್ಲುತ್ತಿದ್ದ. ಬರುವ ಧೈರ್ಯ ಯಾರಿಗೂ ಆಗಲಿಲ್ಲ, ಅಷ್ಟೆ. ಅದೇ ಕೊಲುಮೆಲ ಇನ್ನೊಂದು ಮಾತು ಹೇಳಿದ್ದಾನೆ: ಮನೆ ಕಾಯುವ ನಾಯಿ ಕಪ್ಪಗಿರಲಿ, ಹಗಲಲ್ಲಿ ಕಂಡು ಕಳ್ಳ ಹೆದರುತ್ತಾನೆ, ರಾತ್ರಿ ಕಾಣದೆ ಸಿಕ್ಕಿಬೀಳುತ್ತಾನೆ; ಕುರಿ ಕಾಯುವ ನಾಯಿ ಬೆಳ್ಳಗಿರಲಿ, ಮಬ್ಬುಗತ್ತಲಲ್ಲಿ ತೋಳವೆಂದು ಅದಕ್ಕೇ ಹೊಡೆಯುವುದು ತಪ್ಪುತ್ತದೆ. ಕಾವಲಿನ ಕೆಲಸದಲ್ಲಿ ಅರ್ಧ ಕಣ್ಣಿಗೆ ಕಾಣುವುದು ಎಂದು ಆತನಿಗೂ ಗೊತ್ತಿತ್ತು. ಇನ್ನರ್ಧವನ್ನು ನಮ್ಮೂರಿನ ಬಾಯಿ ನೋಡಿಕೊಂಡಿತು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಮೂರು ತಳಿಯ ನಾಯಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸಾಕುವುದನ್ನು ತಡೆಯಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ನಡುವೆ ಒಂದು ದಿನ ಚಿಕ್ಕಪ್ಪನ ಫೋನು. ಪೇಪರಿನಲ್ಲಿ ಪಟ್ಟಿಯನ್ನು ಎರಡು ಸಲ ಓದಿದ್ದರು. ರಾಟ್‌ವೀಲರ್ ಇದೆ, ಇನ್ನೂ ಬಾಯಿಗೆ ಬಾರದ ಹೆಸರುಗಳೆಲ್ಲ ಇವೆ, ಗ್ರೇಟ್ ಡೇನ್ ಇಲ್ಲ. "ಯಾವನೋ ಹೇಳ್ಬಿಟ್ಟವ್ನೆ" ಎಂದು ನಕ್ಕರು.

ಸೀಜ ಆರು ವರ್ಷ ಬದುಕಿದ. ಈ ದೈತ್ಯರ ಆಯಸ್ಸೇ ಕಡಿಮೆ, ಎಂಟು ಹತ್ತಕ್ಕೆ ಮುಗಿಯುತ್ತದೆ. ಮಾರಿಹಬ್ಬದ ರಾತ್ರಿ. ಬಂದ ನೆಂಟರೆಲ್ಲ ಒಬ್ಬೊಬ್ಬರೂ ಅವನಿಗೆ ಬಾಡು ಹಾಕಿದ್ದರು, ಮೇಲೆ ಮಕ್ಕಳ ಜೊತೆ ಅಂಗಳದಲ್ಲಿ ಕುಣಿತ. ಸರಿರಾತ್ರಿಗೆ ಎದ್ದು ಅತ್ತಿಂದಿತ್ತ ಓಡಾಡತೊಡಗಿದ. ವಾಂತಿಗೆ ಬಗ್ಗುತ್ತಾನೆ, ಏನೂ ಬರುವುದಿಲ್ಲ, ಬರೀ ನೊರೆ. ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿತ್ತು, ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತಿತ್ತು. ಬೆಳಗಿನ ಜಾವ ಸ್ಕೂಟರಿನಲ್ಲಿ ಬಂದ ದನದ ಡಾಕ್ಟರು ಕೈಯಿಟ್ಟು ನೋಡಿ ತಲೆ ಆಡಿಸಿದರು. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ, ಕೂಡಲೇ ಕೊಯ್ದು ಸರಿಮಾಡಬೇಕು, ಇನ್ನು ಹೊತ್ತಿಲ್ಲ ಎಂದರು. ಸೀಜ ಎದ್ದು ತೂರಾಡುತ್ತಾ ಬಂದು ಅಜ್ಜಿಗೆ ಒರಗಿ ನಿಂತ. ಆ ಹೊತ್ತು ಅಜ್ಜಿ ಯಾರನ್ನೂ ಕೂಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಹಾಗೇ ನಿಂತಿದ್ದಳು, ಅವನು ಜಾರಿ ಕೂರುವ ತನಕ.

ಹೊಂಗೆಮರದ ಕೆಳಗೆ ನಾಲ್ಕು ಜನ ಗುಂಡಿ ತೆಗೆದರು. ನರಿ ಕೆದಕದಿರಲಿ ಎಂದು ಅಜ್ಜಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ ಮೇಲೆ ಹಾಕಿಸಿದಳು. ಅವತ್ತಿನಿಂದ ದಿನಾ ತಾನು ಉಣ್ಣಲು ಕೂರುವ ಮುಂಚೆ ಒಂದು ಹಿಡಿ ಮುದ್ದೆಯನ್ನು ಒಯ್ದು ಆ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು. ಕಾಗೆಗಳು ತಿನ್ನುತ್ತಿದ್ದವು. ಮೆಟ್ಟಿಲಿಳಿಯಲು ಮಂಡಿ ಬಗ್ಗುವ ತನಕ ಅದು ನಡೆಯಿತು.

ನಮ್ಮೂರಿನಿಂದ ದೂರವಿಲ್ಲದ ಆತಗೂರು ಹಳೆಯ ಶಾಸನದ ಆತಕೂರು. ಅಲ್ಲಿದ್ದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಕಣ್ಣಿನ ಪೊರೆ ತೆಗೆಸಲು ಬಂದಿದ್ದ ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಮುಖಕ್ಕೆ ಮುಖ ಕೊಟ್ಟು ಸೆಣಸುತ್ತಿವೆ. ಕಥೆ ಹೇಳಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ. ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಬೂತುಗನ ಕಡೆ ಶೌರ್ಯದಿಂದ ಕಾದಿದ ಮಣಲೆರನಿಗೆ, ಏನು ಬೇಕೋ ಕೇಳು ಎಂದು ದೊರೆ ಅಂದ. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆಮೇಲೆ ಒಂದು ಗುಡ್ಡದ ಹತ್ತಿರ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಕೆರೆಯ ಕೆಳಗೆ ಗದ್ದೆ ಬಿಟ್ಟರು.

"ಅದು ನಾಯಿ" ಅಂದರು ಚಿಕ್ಕಪ್ಪ, ಸ್ವಲ್ಪ ಹೊತ್ತು ಬಿಟ್ಟು.

ಆ ಗದ್ದೆ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಕೊರೆದಿದ್ದಾರೆ ಅಂದೆ.

"ನಾಯಿ ಏನ್ಲಾ ಪಾಪ ಮಾಡಿರ್ತದೆ?" ಎಂದು ಕೇಳಿದ ಚಿಕ್ಕಪ್ಪ ಮತ್ತೆ ಕಲ್ಲಿನ ಹತ್ತಿರ ಬಗ್ಗಿದರು. ಆಪರೇಷನ್ ಆದ ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದು ಅಕ್ಷರದ ಸಾಲುಗಳನ್ನು ನೋಡಿದರು. ಹಳಗನ್ನಡದ ಲಿಪಿ, ಒಂದಕ್ಷರವೂ ಹತ್ತಲಿಲ್ಲ.

"ಉಣ್ಣೋಕ್ ಮುಂಚೆ ಅಂತ ಬರ್ದದೆ ಅಂದೆಯಲ್ಲ? ನಮ್ಮವ್ವ ಇಸ್ಕೂಲ್ ಮೆಟ್ಲೇ ಹತ್ನಿಲ್ಲ ಕಣ್ಲಾ."