ಆಪರೇಷನ್ ಮುಗಿದ ಮೇಲೆ

ಬಲಗೈಯಲ್ಲೇ ಉಣ್ಣಬೇಕೆಂದು ಮದ್ರಸದ ಪುಟ್ಟ ಮಕ್ಕಳಿಗೆ ವರ್ಷಗಳಿಂದ ಕಲಿಸುತ್ತಾ ಬಂದವಳು ನಾನು. ನನ್ನ ಮಗನೇ ಒಂದು ಮದುವೆಯಲ್ಲಿ ಎಡಗೈಯಿಂದ ಬಿರಿಯಾನಿ ತಿನ್ನುತ್ತಿದ್ದಾಗ ಹಿರಿಯರೊಬ್ಬರು ಎಲ್ಲರೆದುರು ಗದರಿದರು. ತುಂಬುತೋಳಿನ ಅಂಗಿಯೊಳಗೆ ಅವನ ಬಲಗೈ ಜೀವವಿಲ್ಲದೆ ತೂಗುತ್ತಿದ್ದುದು ಅವರಿಗೆ ಹೇಗೆ ಗೊತ್ತಾಗಬೇಕು? ಅವನು ಅರ್ಧಕ್ಕೇ ಎದ್ದು ಬಂದ. ಆಮೇಲೆ ಬಹಳ ಕಾಲ ಯಾವ ಔತಣಕ್ಕೂ ಬರಲಿಲ್ಲ.

2022ರ ನವೆಂಬರ್‌ನಲ್ಲಿ ತೊಕ್ಕೊಟ್ಟಿನಿಂದ ಪಂಪ್‌ವೆಲ್ ಕಡೆಗೆ ಬರುವಾಗ ಹೆದ್ದಾರಿಯಲ್ಲಿ ಅವನ ಬೈಕ್ ಜಾರಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಎಲುಬೂ ಮುರಿದಿರಲಿಲ್ಲ. ಆದರೆ ಭುಜ ನೆಲಕ್ಕೆ ಬಡಿದು ಕುತ್ತಿಗೆ ಇನ್ನೊಂದು ಬದಿಗೆ ಸೆಳೆದಾಗ, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಬೇರುಗಳು ಕಿತ್ತುಹೋಗಿದ್ದವು. ಐದು ನರಬೇರುಗಳ ಈ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಎಲುಬು ಸರಿಯಿದೆಯಲ್ಲ, ಕೈ ತಾನಾಗಿ ಏಳುತ್ತದೆ ಎನ್ನುವವರ ಮಾತು ಕೇಳಿ, ಎಣ್ಣೆ ಹಾಕಿ ತಿಕ್ಕುವವರ ಬಳಿ ಒಂದು ತಿಂಗಳು ಅಲೆದೆವು. ನರ ತಲುಪದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಮರಳಿ ಕೆಲಸ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಆಪರೇಷನ್ ಆರು ತಿಂಗಳೊಳಗೆ ಆದರೆ ಒಳ್ಳೆಯದು ಎಂದು ತಿಳಿದದ್ದು ಆಮೇಲೆ.

2023ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಪಕ್ಕೆಲುಬುಗಳ ನಡುವೆ ಉಸಿರಾಟಕ್ಕೆ ನೆರವಾಗುವ ಮೂರು ನರಗಳನ್ನು ತಂದು ಮೊಣಕೈ ಮಡಚುವ ಸ್ನಾಯುವಿನ ನರಕ್ಕೆ ಜೋಡಿಸಿದರು. ನನ್ನ ಮಟ್ಟಿಗೆ ಕಷ್ಟ ಮುಗಿದಿತ್ತು. ಫಿಸಿಯೋಥೆರಪಿಯ ಹುಡುಗಿ ಮಾತ್ರ, "ಈಗ ಶುರು ಟೀಚರ್" ಅಂದಳು. ಜೋಡಿಸಿದ ನರ ದಿನಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ತಿಂಗಳಿಗೆ ಒಂದು ಇಂಚು! ಅದು ತಲುಪುವವರೆಗೆ ಕೀಲುಗಳು ಬಿಗಿಯದಂತೆ ಕಾಯಬೇಕಾದವರು ಮನೆಯವರು. ಬೆರಳು, ಮಣಿಕಟ್ಟು, ಮೊಣಕೈ ಒಂದೊಂದನ್ನೂ ದಿನಕ್ಕೆ ಹಲವು ಸಲ ನಾವೇ ಮಡಚಿ ಬಿಡಿಸಬೇಕು. ಭುಜವನ್ನು ಮಾತ್ರ ಅವರು ಹೇಳಿದ ಮಟ್ಟಕ್ಕಿಂತ ಮೇಲೆತ್ತಬಾರದು, ಜೋಡಣೆ ಎಳೆದೀತು.

ನಾನು ತಪ್ಪಿದ್ದು ಇಲ್ಲೇ. ಮಾರ್ಚ್ ಕೊನೆಗೆ ರಮಝಾನ್ ಬಂತು. ಉಪವಾಸ, ಇಫ್ತಾರಿನ ಅಡುಗೆ, ತರಾವೀಹ್. ರಾತ್ರಿಯೆಲ್ಲ ಕೈ ಉರಿಯುತ್ತದೆಂದು ಅಳುವ ಮಗನನ್ನು ಹಗಲೂ ನೋಯಿಸಲು ಮನಸ್ಸಾಗಲಿಲ್ಲ. ಹಬ್ಬ ಕಳೆಯಲಿ ಎಂದೆ. ತುತ್ತು ನಾನೇ ಬಾಯಿಗಿಟ್ಟೆ, ಗುಂಡಿ ನಾನೇ ಹಾಕಿದೆ. ತಾಯಿಯ ಕರುಣೆ ಎಂದುಕೊಂಡಿದ್ದೆ. ಈದ್ ಮುಗಿಯುವಾಗ ಬೆರಳುಗಳು ಮರದ ಕಡ್ಡಿಗಳಂತಾಗಿದ್ದವು. ಅವನ್ನು ಸಡಿಲಿಸಲು ಮೂರು ತಿಂಗಳು ಬೇಕಾಯಿತು, ಅವನು ಅತ್ತದ್ದು ಮೊದಲಿಗಿಂತ ಹೆಚ್ಚು. ಇನ್ನೊಂದು ಮಾತು: ಸ್ಪರ್ಶವಿಲ್ಲದ ಕೈಗೆ ಬಿಸಿಯೂ ತಿಳಿಯುವುದಿಲ್ಲ. ಚಹಾದ ಪಾತ್ರೆಗೆ ತಾಗಿ ಬೊಬ್ಬೆ ಎದ್ದದ್ದನ್ನು ಮೊದಲು ಕಂಡದ್ದು ನಾನು, ಅವನಲ್ಲ.

ಕನ್ನಡಿಯ ಮುಂದೆ ಕುಳಿತು, ಉಸಿರನ್ನು ಆಳವಾಗಿ ಎಳೆದುಕೊಳ್ಳುತ್ತಾ, ಎಡಗೈಯ ಜೊತೆಗೆ ಬಲಗೈಯನ್ನೂ ಮಡಚುತ್ತಿದ್ದೇನೆಂದು ಮನಸ್ಸಿನಲ್ಲೇ ಪ್ರಯತ್ನಿಸುವುದು ಮುಂದಿನ ಪಾಠ. ಉಸಿರಿನ ನರ ಈಗ ತೋಳಿನ ನರವಲ್ಲವೇ? ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಅಕ್ಟೋಬರ್‌ನ ಒಂದು ರಾತ್ರಿ ಇಶಾಗೆ ಮನೆಯಲ್ಲೇ ಇಕಾಮತ್ ಹೇಳಲು ಅವನು ಉಸಿರೆಳೆದುಕೊಂಡ. ತೋಳಿನ ಮಾಂಸ ಮೀನಿನಂತೆ ಮಿಡುಕಿತು. "ಉಮ್ಮಾ!" ಎಂದವನು ಇಕಾಮತ್ ಮರೆತ. ಕ್ರಮೇಣ ಮಿದುಳು ಕಲಿತುಕೊಂಡಿತು, ಈಗ ಮೊಣಕೈ ಮಡಚಲು ಉಸಿರಿನ ನೆರವು ಬೇಡ.

ಎಲ್ಲವೂ ಮರಳಲಿಲ್ಲ ಸಹೋದರಿಯರೇ. ಬೆರಳುಗಳು ಏಳಲಿಲ್ಲ. ತಕ್ಬೀರ್‌ಗೆ ಎಡಗೈ ಕಿವಿಯವರೆಗೆ ಹೋದರೆ ಬಲಗೈ ಎದೆಯವರೆಗೆ ಮಾತ್ರ. ನಮಾಝ್ ಸರಿಯಾಗುತ್ತದೆಯೇ ಎಂದು ಅವನು ಕೇಳಿದಾಗ, ಕೈ ಎತ್ತುವುದು ಸುನ್ನತ್, ಆಗದವನಿಗೆ ಆದಷ್ಟೇ ಸಾಕು ಎಂದೆ. ರೋಗಿಯ ನಮಾಝಿನ ಅಧ್ಯಾಯವನ್ನು ಪರೀಕ್ಷೆಗೆಂದು ಎಷ್ಟು ಸಲ ಕಲಿಸಿದ್ದೇನೋ, ಅದು ನನ್ನ ಮನೆಯ ಪಾಠವೆಂದು ತಿಳಿದದ್ದು ಆಗ.

ಮೊನ್ನೆ ನನ್ನ ಅಣ್ಣನ ಮಗಳ ಮದುವೆಗೆ ಬಂದಿದ್ದ. ಬಲಗೈಯ ಮಣಿಕಟ್ಟಿನಿಂದ ತಟ್ಟೆ ಜಾರದಂತೆ ಒತ್ತಿಹಿಡಿದು, ಎಡಗೈಯಿಂದ ಉಂಡ. ಎದುರಿಗಿದ್ದವರೊಬ್ಬರು ದಿಟ್ಟಿಸಿದರು. ಇವನು ಬಿಸ್ಮಿಲ್ಲಾಹ್ ಅಂದು ಇನ್ನೊಂದು ತುತ್ತು ತೆಗೆದುಕೊಂಡ.