ಮೊಳೆ ಜೋಡಿಸಿದವನು

ಹಳೆಯ ಸಹಪಾಠಿಗಳು ಕೂಡಿದೆಡೆ ಮೊದಲು ಉಪ್ಪಿಟ್ಟು ಬರುತ್ತದೆ, ಆಮೇಲೆ ಜಂಬದ ಸರದಿ. ನಪಾಸಾದವರಿಗೆ ಮೈಸೂರಿಗರು ಹೇಳುವ ಸಮಾಧಾನವೂ ಒಂದುಂಟು: ಹೆಡ್‌ಮಾಸ್ತರರ ಮಗನಾದ ಆರ್. ಕೆ. ನಾರಾಯಣರೂ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವರೇ. ೧೯೩೫ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟಿಸಲಿಲ್ಲವೆ? ಸರಿಯೆ. ಆದರೆ ನಪಾಸಾದವರೆಲ್ಲ ನಾರಾಯಣರಾಗುವುದಿಲ್ಲವಲ್ಲ!

೧೯೭೨ರಲ್ಲಿ ಎಸ್.ಎಸ್.ಎಲ್.ಸಿ.ಗೆ ಕಟ್ಟಿದ ನಾವು ೨೦೨೨ರಲ್ಲಿ ಮೈಸೂರಿನಲ್ಲಿ ಸೇರಿದ್ದೆವು. ಇಂಜಿನಿಯರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು ಒಬ್ಬೊಬ್ಬರಾಗಿ ಎದ್ದು ಹುದ್ದೆ, ಮನೆ, ಅಮೆರಿಕದ ಮೊಮ್ಮಕ್ಕಳ ಲೆಕ್ಕ ಒಪ್ಪಿಸಿದರು. ಎರಡು ಸಲ ನಪಾಸಾಗಿದ್ದ ಕೊನೆಯ ಬೆಂಚಿನ ಗೆಳೆಯನ ಸರದಿ ಬಂತು. “ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಕಂಪ್ಯೂಟರು ಬಂತು, ಅದನ್ನೂ ಕಲಿತೆ” ಎಂದಷ್ಟೇ ಹೇಳಿ ಕುಳಿತ.

ತಂದೆ ತೀರಿಕೊಂಡ ಮೇಲೆ ಆ ಸಂಬಳದಲ್ಲೇ ಮೂವರು ತಂಗಿಯರನ್ನು ಓದಿಸಿದ್ದ. ಒಬ್ಬಳು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾಗಿದ್ದಳು. ಇದನ್ನು ಅವನು ಹೇಳಲಿಲ್ಲ. ಪಕ್ಕದಲ್ಲಿದ್ದ ಡಾಕ್ಟರು ಎದ್ದು ಹೇಳಿದ. ಆಮೇಲೆ ಎದ್ದವರಾರೂ ತಮ್ಮ ಹುದ್ದೆಯ ಮಾತೆತ್ತಲಿಲ್ಲ.

ಪುಸ್ತಕದಲ್ಲಿ ಬರೆದವನ ಹೆಸರಿರುತ್ತದೆ, ಮುದ್ರಣಾಲಯದ ಹೆಸರೂ ಇರುತ್ತದೆ. ಮೊಳೆ ಜೋಡಿಸಿದವನದು ಇರುವುದಿಲ್ಲ. ಆದರೂ ನಾವೆಲ್ಲ ಇಷ್ಟು ವರ್ಷ ಓದಿದ್ದು ಅವನು ಜೋಡಿಸಿದ್ದನ್ನೇ ತಾನೆ?